ಕಂಪನಿ ನಾಟಕಗಳ ಕುಣಿತದ ಸಂಗೀತ: ಮರೆವು ಮತ್ತು ಮರುಶೋಧ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕರ್ನಾಟಕದ ವೃತ್ತಿ ನಾಟಕ ಮಂಡಳಿಗಳು ಆಡುತ್ತಿದ್ದ ಸಂಗೀತ ನಾಟಕಗಳಲ್ಲಿ ಸಖಿಯರ ಕುಣಿತಕ್ಕೆ, ದರ್ಬಾರಿನ ನೃತ್ಯಕ್ಕೆ, ಹಾಸ್ಯದ ಜೋಡಿಯ ಹೆಜ್ಜೆಗೆ ನುಡಿಸುತ್ತಿದ್ದ ಸಂಗೀತವೇ ಕಂಪನಿ ನಾಟಕಗಳ ಕುಣಿತದ ಸಂಗೀತ. ಈ ನಾಟಕಗಳ ಹಾಡುಗಳು ‘ರಂಗಗೀತೆ’ ಎಂಬ ಹೆಸರಿನಲ್ಲಿ ಇಂದಿಗೂ ಕೇಳಸಿಗುತ್ತವೆ. ಆದರೆ ಹಾಡಿನ ನಡುವೆ, ಹಾಡು ಮುಗಿದ ಮೇಲೆ, ಬರೀ ಕಾಲಿಗಾಗಿ ನುಡಿದ ಸಂಗೀತ ಬಹುಪಾಲು ಕಳೆದುಹೋಗಿದೆ. ಮಾತುಳ್ಳದ್ದು ಉಳಿಯಿತು, ಮಾತಿಲ್ಲದ್ದು ಅಳಿಯಿತು ಎಂಬುದೇ ಈ ಸಂಗೀತದ ಚರಿತ್ರೆ.

ಇದರ ಬೇರುಗಳು ಹಲವು ಕಡೆ ಹರಡಿವೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದ್ದಕ್ಕೆ ಕನ್ನಡ ನಾಡಿನಿಂದ ಬಂದ ಯಕ್ಷಗಾನದ ಮೇಳ ಪ್ರೇರಣೆಯಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದರು. ಕನ್ನಡ ನಾಡಿನಿಂದ ಅಲ್ಲಿಗೆ ಹೋದ ಮಟ್ಟುಗಳು ಹೊಸ ವೇಷ ತೊಟ್ಟು ಉತ್ತರ ಕರ್ನಾಟಕದ ಕಂಪನಿಗಳಿಗೆ ಮರಳಿದವು. ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲೇ ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡದ ನಾಟಕ ಕನ್ನಡದಲ್ಲೇ ಆಗಲಿ ಎಂದು ಹಟ ಹಿಡಿದವರು. ದಕ್ಷಿಣಕ್ಕೆ ಮಾತ್ರ ಪಾರ್ಸಿ ಕಂಪನಿಗಳ ಗಾಳಿ ಜೋರಾಗಿ ಬೀಸಿತು. ಮೈಸೂರು ಅರಮನೆಯ ಆಶ್ರಯದಲ್ಲಿ 1880ರ ದಶಕದಲ್ಲಿ ಬೆಳೆದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ವನ್ನು ಆಡಿತು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಸಂಗೀತಕ್ಕೇ ಜನರನ್ನು ಸೆಳೆಯಿತು.

ಈ ರಂಗದಲ್ಲಿ ಕುಣಿತ ಅಲಂಕಾರಕ್ಕಷ್ಟೇ ಇರಲಿಲ್ಲ. ಒಂದು ಅಂಕದ ಅರಮನೆ ಮುಗಿದು ಮುಂದಿನದಕ್ಕೆ ಕಾಡು ಬೇಕು. ಅಷ್ಟರಲ್ಲಿ ರಂಗದ ಮುಂಭಾಗದ ಪರದೆ ಇಳಿಬಿಟ್ಟು, ಅದರ ಮುಂದೆ ಸಖಿಯರೋ ಹಾಸ್ಯದ ಜೋಡಿಯೋ ಕುಣಿಯಬೇಕು. ಹಿಂದೆ ಸೆಟ್ಟಿಂಗ್ ಬದಲಾಗುವಷ್ಟು ಹೊತ್ತು ಕುಣಿತ ನಡೆಯಬೇಕಾದ್ದರಿಂದ ಅದಕ್ಕೆ ಗೊತ್ತಾದ ಅಳತೆ ಇರಲಿಲ್ಲ. ಲೆಗ್ ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ಗಾಳಿ ತುಂಬುತ್ತ, ಎರಡೂ ಕೈ ಮನೆಗಳ ಮೇಲಿಟ್ಟು ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದರು. ತಬಲದವರು ಕೆಹರ್ವಾ, ದಾದ್ರಾ ಠೇಕಾಗಳಿಂದ ಶುರುಮಾಡಿ ಲಯ ಏರಿಸುತ್ತ ಹೋಗುತ್ತಿದ್ದರು. ಒಳಗಿಂದ ಸೂಚನೆ ಬಂದ ಕೂಡಲೇ ಮುಕ್ತಾಯ. ಸಭೆಯಿಂದ ‘ವನ್ಸ್ ಮೋರ್’ ಬಂದರೆ ಮತ್ತೆ ಮೊದಲಿನಿಂದ. ಒಂದು ರಾತ್ರಿ ನುಡಿದದ್ದು ಮರುರಾತ್ರಿ ಅಷ್ಟೇ ಉದ್ದ ಇರುತ್ತಿರಲಿಲ್ಲ. ಜಾವಳಿಯ ಬೆಡಗು, ಪಾರ್ಸಿ ಮಟ್ಟಿನ ಓಟ, ಬಯಲಾಟದ ಗತ್ತು ಮೂರೂ ಒಂದೇ ಕುಣಿತದಲ್ಲಿ ಬೆರೆಯಬಹುದಿತ್ತು. ಶಾಸ್ತ್ರದ ಪಂಡಿತರು ಇದನ್ನು ಹಗುರವೆಂದು ಕಂಡರು. ಹಾಗೆ ಕಾಣುವುದು ತಪ್ಪು: ಸಾವಿರ ಜನರನ್ನು ಬೆಳಗಿನ ಜಾವದವರೆಗೆ ಎಚ್ಚರವಾಗಿಟ್ಟ ಲಯಜ್ಞಾನ ಹಗುರವಾದುದಲ್ಲ.

ಗುಬ್ಬಿಯ ಸಂಘವನ್ನು ಮುನ್ನಡೆಸಿದ ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ಈ ರಂಗದ ವೈಭವ ತುದಿ ಮುಟ್ಟಿತು. 1934ರ ‘ಕುರುಕ್ಷೇತ್ರ’ಕ್ಕೆ ಬೆಂಗಳೂರಿನ ರಂಗದ ಮೇಲೆ ಆನೆ ಕುದುರೆಗಳೇ ಬಂದವು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣ ಕಳ್ಳನ ಪಾತ್ರಕ್ಕೆ ಹೆಸರಾದರು; ಮಾತು, ಹಾಡು, ಹೆಜ್ಜೆ ಬೇರೆ ಬೇರೆಯೆಂದು ಹೇಳಲಾಗದ ಪಾತ್ರ ಅದು. ಉತ್ತರದಲ್ಲಿ ವಾಮನರಾಯ ಮಾಸ್ತರರ ಕಂಪನಿಯಿಂದ ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರು ಬಂದರು. ಗದಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಕಟ್ಟಿದರು.

ಇಷ್ಟೆಲ್ಲ ಇದ್ದದ್ದು ಹೇಗೆ ಕಳೆಯಿತು? ಕಂಪನಿಗಳು ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಕೈಗೆ ಸಿಕ್ಕರೆ ಉತ್ತರ ಕಾಣುತ್ತದೆ. ತೆಳ್ಳನೆಯ ಹಾಳೆ, ಹಾಡಿನ ನೆತ್ತಿಯ ಮೇಲೆ ರಾಗ, ತಾಳ, ಇಲ್ಲವೇ ಇಂಥ ಹಾಡಿನ ಮಟ್ಟು ಎಂಬ ಒಂದು ಸಾಲು, ಕೆಳಗೆ ಸಾಹಿತ್ಯ. ಸ್ವರವಿಲ್ಲ. ಕುಣಿತದ ಜಾಗದಲ್ಲಿ ಸಖಿಯರು ಕುಣಿಯುವರು ಎಂಬ ಸೂಚನೆಗಿಂತ ಹೆಚ್ಚೇನೂ ಇರುವುದಿಲ್ಲ. ಏನು ನುಡಿಸಬೇಕೆಂಬುದು ಮೇಷ್ಟ್ರ ಬೆರಳಲ್ಲಿತ್ತು. 78 ಸುತ್ತಿನ ತಟ್ಟೆಗಳೂ ನೆರವಿಗೆ ಬರಲಿಲ್ಲ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೂವರೆ ನಿಮಿಷ ಮಾತ್ರ. ಅದರಲ್ಲಿ ಗಾಯಕರ ದನಿಯನ್ನೇ ತುಂಬಿದರು, ಕುಣಿತದ ಭಾಗ ಕತ್ತರಿಸಿಹೋಯಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಆ ಬಾಗಿಲು ಮತ್ತೆ ತೆರೆಯತೊಡಗಿದ್ದು 1970ರ ದಶಕದಲ್ಲಿ. ಹಾರ್ಮೋನಿಯಮ್ಮೇ ಉಸಿರಾಗಿದ್ದ ಸಂಗೀತಕ್ಕೆ ಅಷ್ಟು ವರ್ಷ ರೇಡಿಯೋ ದೂರವಾಯಿತೆಂದರೆ ನಷ್ಟ ಎಷ್ಟೆಂದು ಊಹಿಸಬಹುದು. ಉಳಿದ ಕಲಾವಿದರನ್ನು ಸಿನಿಮಾ ಸೆಳೆಯಿತು. ‘ಸದಾರಮೆ’ಯೇ 1935ರಲ್ಲಿ ಚಿತ್ರವಾಯಿತು.

ಬೇರೆ ನಾಡುಗಳಲ್ಲೂ ಕುಣಿತದ ಸಂಗೀತಕ್ಕೆ ಇದೇ ಗತಿ. ಅಮೆರಿಕದ ಬ್ರಾಡ್‌ವೇ ನಾಟಕಗಳಲ್ಲಿ ಹಾಡು ಕಟ್ಟಿದವರ ಹೆಸರು ಮೆರೆಯಿತು. ನೃತ್ಯದ ಭಾಗಗಳನ್ನು ಹೆಣೆದ ಟ್ರೂಡಿ ರಿಟ್‌ಮನ್‌ರಂಥವರು ತೆರೆಮರೆಯಲ್ಲೇ ಉಳಿದರು. ಆದರೆ ಅಲ್ಲಿ ಕಾಗದವಿತ್ತು. 1982ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನ ಉಗ್ರಾಣವೊಂದರಲ್ಲಿ ಗರ್ಶ್ವಿನ್, ಕರ್ನ್ ಮುಂತಾದ ಸಂಗೀತ ರಚನಕಾರರ ಹಸ್ತಪ್ರತಿಗಳ ಪೆಟ್ಟಿಗೆಗಳು ಸಿಕ್ಕವು. 1989ರಲ್ಲಿ ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ತಮ್ಮ ಹಳೆಯ ಕುಣಿತಗಳನ್ನು ಹಿಂದಿನ ಕಲಾವಿದರ ನೆನಪಿನಿಂದ ಮತ್ತೆ ಕಟ್ಟಿ ರಂಗಕ್ಕೆ ತಂದರು. ನಮಗೆ ಹೊಂದುವುದು ಈ ಎರಡನೆಯ ದಾರಿ, ಏಕೆಂದರೆ ನಮ್ಮ ಉಗ್ರಾಣವೆಂದರೆ ಮುದುಕರ ನೆನಪೇ.

ಕನ್ನಡದಲ್ಲಿ ಮರುಶೋಧದ ಕೆಲಸ ಆ ನೆನಪಿನಿಂದಲೇ ನಡೆಯಿತು. ಬಂಟ್ವಾಳದ ಮಂಚಿಯ ರಂಗ ನಿರ್ದೇಶಕ ಬಿ.ವಿ. ಕಾರಂತ (1929–2002) ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅಲ್ಲಿ ಕಿವಿಗೆ ಬಿದ್ದದ್ದನ್ನು 1970ರ ದಶಕದ ಹೊಸ ನಾಟಕಗಳಿಗೆ, ಮುಂದೆ 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣಕ್ಕೆ ಧಾರೆಯೆರೆದರು. ಆದರೆ ಕಾರಂತರು ಹಳೆಯದನ್ನು ಕಾಪಿಡುವವರಲ್ಲ, ಕರಗಿಸಿ ಹೊಸದು ಎರಕ ಹೊಯ್ಯುವವರು. ಹಳೆಯದನ್ನು ಹಳೆಯ ಹದದಲ್ಲೇ ಒಪ್ಪಿಸಿದವರು ಆರ್. ಪರಮಶಿವನ್. ಕಂಪನಿಗಳಲ್ಲೇ ಬೆಳೆದು ಹಾರ್ಮೋನಿಯಂ ಹಿಡಿದ ಅವರು ಎಳೆಯರನ್ನು ಕೂರಿಸಿಕೊಂಡು ಪಾಠ ಹೇಳಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ‘ಸದಾರಮೆ’ ಅವರಿಂದ ಹೊಸ ಪ್ರೇಕ್ಷಕರನ್ನು ಕಂಡಿತು. ಹಾಡುವಾಗ ಅವರ ಕೈ, ಕಣ್ಣು, ಹೆಜ್ಜೆ ಸುಮ್ಮನಿರುವುದಿಲ್ಲ. ಕಳೆದುಹೋದ ಕುಣಿತದ ನಡೆ ಹೇಗಿತ್ತೆಂದು ತಿಳಿಯಬೇಕಾದವರಿಗೆ ಅದೇ ದೊಡ್ಡ ಆಧಾರ.

ಬೆಂಗಳೂರಿನ ದಕ್ಷಿಣ ಭಾಗಕ್ಕೆ ಈ ಕೆಲಸದಲ್ಲಿ ವಿಶೇಷ ಅನುಕೂಲವಿದೆ. ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರದಿಂದ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ದೂರವೇನಲ್ಲ, ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ರಂಗಮಂದಿರವಿದೆ. ಆದರೂ ಒಂದು ಕೊರತೆ ಎದ್ದು ಕಾಣುತ್ತದೆ. ರಂಗಗೀತೆ ಕಾರ್ಯಕ್ರಮಗಳೆಂದರೆ ಸಾಮಾನ್ಯವಾಗಿ ಮೈಕಿನ ಮುಂದೆ ನಿಂತೋ ಕೂತೋ ಹಾಡುವುದು. ಪಲ್ಲವಿ, ಚರಣ, ಚಪ್ಪಾಳೆ. ಕುಣಿತದ ಭಾಗ ಬಂದಾಗ ಮುಂದಿನ ಹಾಡಿಗೆ ಹಾರುತ್ತಾರೆ. ನುಡಿಸುವವರೂ ಕುಣಿಯುವವರೂ ಒಟ್ಟಿಗೆ ಅಭ್ಯಾಸಕ್ಕೆ ಕೂರದೆ ಈ ಭಾಗ ಮರಳದು, ಏಕೆಂದರೆ ಹೆಜ್ಜೆಯೇ ಅದರ ಉದ್ದವನ್ನೂ ಓಟವನ್ನೂ ನಿರ್ಧರಿಸುತ್ತಿತ್ತು.

ಸಿದ್ದಾಪುರ, ಜಯನಗರ, ಬನಶಂಕರಿಯ ಹಳೆಯ ಮನೆಗಳ ಅಟ್ಟದಲ್ಲಿ ಹಾಡಿನ ಪುಸ್ತಕವೋ 78 ಸುತ್ತಿನ ತಟ್ಟೆಯೋ ಇದ್ದರೆ ಗುಜರಿಗೆ ಹಾಕಬೇಡಿ. ಕಂಪನಿಯಲ್ಲಿ ನುಡಿಸಿದ, ಕುಣಿದ ಹಿರಿಯರು ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಫೋನನ್ನು ಅವರ ಮುಂದಿಟ್ಟು ಹಾಡನ್ನಷ್ಟೇ ಕೇಳಬೇಡಿ; ಹಾಡು ಮುಗಿದ ಮೇಲೆ ಏನು ನುಡಿಸುತ್ತಿದ್ದರು, ಹೆಜ್ಜೆ ಎಲ್ಲಿ ಬೀಳುತ್ತಿತ್ತು ಎಂದು ಕೇಳಿ, ಅದನ್ನು ದಾಖಲಿಸಿ.