ಐಗಳ ಮಠದಿಂದ ಅರ್ಹತಾ ಪರೀಕ್ಷೆಯವರೆಗೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಕನ್ನಡ ನಾಡಿನ ಹಳ್ಳಿಗಳಲ್ಲಿ ಮೇಷ್ಟ್ರನ್ನು ಇಟ್ಟುಕೊಳ್ಳುತ್ತಿದ್ದುದೂ ಬೇಡವಾದರೆ ಬಿಡಿಸುತ್ತಿದ್ದುದೂ ಊರಿನವರೇ. ಕೂಲಿಮಠದ ಐಗಳು ಗುಡಿಯ ಜಗಲಿಯಲ್ಲೋ ಸಾಹುಕಾರರ ಪಡಸಾಲೆಯಲ್ಲೋ ಮಕ್ಕಳನ್ನು ಕೂರಿಸಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಸಂಬಳ ಹೆಚ್ಚಾಗಿ ಕಾಳುಕಡಿಯಲ್ಲೇ ಸಲ್ಲುತ್ತಿತ್ತು. ಮಹಾನವಮಿಯಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿ ಮನೆಮನೆಯ ಮುಂದೆ ಚೌಪದ ಹಾಡಿಸಿದರೆ ಒಂದಿಷ್ಟು ಕಾಣಿಕೆಯೂ ಸಿಗುತ್ತಿತ್ತು. ಐಗಳಿಗೆ ಎಷ್ಟು ವಿದ್ಯೆ ಬರುತ್ತದೆಂದು ಪರೀಕ್ಷಿಸುವವರು ಯಾರೂ ಇರಲಿಲ್ಲ.

ಚಾರ್ಲ್ಸ್ ವುಡ್‌ನ 1854ರ ವರದಿ ಶಿಕ್ಷಕರ ತರಬೇತಿಯನ್ನು ಸರ್ಕಾರದ ಹೊಣೆಯಾಗಿಸಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ನಾರ್ಮಲ್ ಸ್ಕೂಲಿನ, ಅಂದರೆ ಶಿಕ್ಷಕರ ತರಬೇತಿ ಶಾಲೆಯ, ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿಯ ಮೇಲುಗೈ ಇದ್ದ ಸೀಮೆಯಲ್ಲಿ ಕನ್ನಡ ಮಾಸ್ತರರ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಮಾಸ್ತರರಿಗೆಂದೇ 1865ರಲ್ಲಿ ‘ಮಠಪತ್ರಿಕೆ’ ಹುಟ್ಟಿತು. ಅದೇ ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರು ಪಡೆಯಿತು. ಮೈಸೂರಿನಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ 1868ರಲ್ಲಿ ತಂದ ಹೋಬಳಿ ಶಾಲೆಗಳ ಯೋಜನೆ ಇನ್ನೂ ಜಾಣತನದ್ದು. ಐಗಳನ್ನು ಓಡಿಸುವ ಬದಲು ಅವರನ್ನೇ ನಾರ್ಮಲ್ ಸ್ಕೂಲಿಗೆ ಕರೆಸಿ, ಕಲಿಸಿ, ಸಂಬಳ ಕೊಟ್ಟು ಮತ್ತೆ ಹಳ್ಳಿಗೆ ಕಳಿಸುವುದು ಅದರ ತಿರುಳು. ಊರಿನ ನಂಟು ಹಾಗೇ ಉಳಿಯಿತು, ಪಾಠದ ಕ್ರಮ ಬದಲಾಯಿತು.

ಮುಂಬೈ ಕರ್ನಾಟಕದಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಮಂಡಳಿಗಳಿಗೆ ಒಪ್ಪಿಸಿತು. ಊರಿನ ಕೈಗೆ ಅಧಿಕಾರ ಮರಳಿದ ಹಾಗೆ ಕಂಡರೂ ಮಾಸ್ತರನ ಭವಿಷ್ಯ ಮಂಡಳಿಯ ಸದಸ್ಯರ ಮರ್ಜಿಗೆ ಬಿತ್ತು. 1929ರಲ್ಲಿ ಹಾರ್ಟಾಗ್ ಸಮಿತಿ ಇಡೀ ದೇಶದ ಸ್ಥಿತಿಯನ್ನು ಪರಿಶೀಲಿಸಿ ಇಂಥ ಹಸ್ತಾಂತರ ಅತಿಯಾಯಿತೆಂದಿತು. ತರಬೇತಿ ಸುಧಾರಿಸಬೇಕು, ಕೆಲಸದಲ್ಲಿರುವವರಿಗೆ ಪುನಶ್ಚೇತನ ಶಿಬಿರ ನಡೆಸಬೇಕು ಎಂದೂ ಹೇಳಿತು. 1947ರ ಕಾಯ್ದೆ ಮಂಡಳಿಗಳ ಅಧಿಕಾರವನ್ನು ಮೊಟಕುಗೊಳಿಸಿತು.

ಕರ್ನಾಟಕ ಏಕೀಕರಣದ ನಂತರ ಬೇರೆಬೇರೆ ಆಡಳಿತಗಳ ಮೇಷ್ಟ್ರುಗಳು ಒಂದೇ ಇಲಾಖೆಗೆ ಸೇರಿದರು. ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಪಾಸಾದರೆ ಮೇಷ್ಟ್ರ ಕೆಲಸ ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಚಾಲ್ತಿಗೆ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಮಟ್ಟದ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ತಲೆಯೆತ್ತಿದವು.

ಪಾಠದ ಕೋಣೆಯೊಳಗೆ ನಿಜವಾದ ಬದಲಾವಣೆ ಮೊಳೆತದ್ದು ಮಾತ್ರ ಹೆಗ್ಗಡದೇವನಕೋಟೆಯಲ್ಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ತಾವೇ ಕೂತು ಕಾರ್ಡುಗಳನ್ನು ರೂಪಿಸಿದರು. ಹೀಗೆ ಹುಟ್ಟಿದ ‘ನಲಿ ಕಲಿ’ ಪದ್ಧತಿಯ ಕೋಣೆಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿಕೊಂಡು ಮಗುವೇ ತನ್ನ ಕಾರ್ಡು ಎತ್ತಿಕೊಳ್ಳುತ್ತದೆ. ಬಿಡಿಸಿದ ಚಿತ್ರ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತದೆ. ಮೇಷ್ಟ್ರೂ ಕುರ್ಚಿ ಬಿಟ್ಟು ನೆಲಕ್ಕಿಳಿಯಬೇಕು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಇದು ವಿಸ್ತರಿಸಿತು. ತಾವೇ ಕಟ್ಟಿದ ಪದ್ಧತಿಗೂ ಸುತ್ತೋಲೆಯಲ್ಲಿ ಬಂದ ಪದ್ಧತಿಗೂ ಇರುವ ಅಂತರ ಆಗ ಹಲವು ಶಾಲೆಗಳ ಅನುಭವಕ್ಕೆ ಬಂತು.

ಶಿಕ್ಷಣ ಕುರಿತ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ರಚನೆಯಾದ ಎಸ್‌ಡಿಎಂಸಿಗಳಿಂದ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಂದ, ಪೋಷಕರಿಗೆ ಶಾಲೆಯ ಮೇಲ್ವಿಚಾರಣೆ ಸಿಕ್ಕಿತು, ಖಾಯಂ ಶಿಕ್ಷಕರ ನೇಮಕದ ಅಧಿಕಾರ ಸಿಗಲಿಲ್ಲ. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ ಶಿಫಾರಸು ಪತ್ರದ ಜಾಗದಲ್ಲಿ ಕೌನ್ಸೆಲಿಂಗನ್ನು ತಂದಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ 2010ರಲ್ಲೇ ಒಂದರಿಂದ ಎಂಟನೇ ತರಗತಿವರೆಗಿನ ಶಿಕ್ಷಕರಿಗೆ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಕಡ್ಡಾಯವಾಯಿತು. ಈಗ ತರಬೇತಿಯ ಪದವಿ, ಟಿಇಟಿ, ಅದರ ಮೇಲೆ ನೇಮಕಾತಿ ಪರೀಕ್ಷೆ. ಅಂಕಗಳ ಲೆಕ್ಕದಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ. ಆದರೆ ಆಯ್ಕೆ ಮಾಡುವವರು ಅಭ್ಯರ್ಥಿ ಮಕ್ಕಳ ಮುಂದೆ ನಿಂತು ಪಾಠ ಮಾಡುವುದನ್ನು ನೋಡುವುದಿಲ್ಲ. ಅದೇನಿದ್ದರೂ ನೇಮಕವಾದ ಮೇಲೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಶಾಲೆಗೆ ಬಂದಾಗ.