ಮಳೆಮಾಪಕದ ಅಂಕಿಗಳನ್ನು ಎಐ ಸಹಾಯಕಕ್ಕೆ ಒದಗಿಸುವಾಗ ಬರೆಯಬೇಕಾದ ವಿವರಣೆ

ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭಗೊಂಡು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಅಳವಡಿಸಿದೆ. ಇವು ಪ್ರತಿ 15 ನಿಮಿಷಕ್ಕೊಮ್ಮೆ ಅಂಕಿಗಳನ್ನು ರವಾನಿಸುತ್ತವೆ. ರೈತ ಉತ್ಪಾದಕ ಸಂಸ್ಥೆಗಳೂ ಪ್ರಗತಿಪರ ರೈತರೂ ಸ್ವಂತ ಮಾಪಕಗಳನ್ನು ಇಟ್ಟುಕೊಳ್ಳುತ್ತಿದ್ದಾರೆ. ಇಂತಹ ಅಂಕಿಗಳನ್ನು ಮೊಬೈಲಿನ ಎಐ ಸಹಾಯಕಕ್ಕೆ ಜೋಡಿಸುವಾಗ, ಅದು ಮಾಪಕವನ್ನೂ ಹೊಲವನ್ನೂ ಕಂಡಿಲ್ಲವೆಂಬುದನ್ನು ಮರೆಯಬಾರದು. ಮಾಪಕದ ಬಗ್ಗೆ ನೀವು ಬರೆದುಕೊಟ್ಟ ವಿವರಣೆಯೇ ಅದಕ್ಕೆ ಕಣ್ಣು.

ಸೊನ್ನೆ ಎಂದರೆ ಏನು?

ವಿವರಣೆಯಲ್ಲಿ ಎಲ್ಲಕ್ಕಿಂತ ಮೊದಲು ಸ್ಪಷ್ಟಪಡಿಸಬೇಕಾದುದು ಇದು. ಸ್ವಯಂಚಾಲಿತ ಮಾಪಕದೊಳಗಿನ ಚಿಕ್ಕ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಎಣಿಕೆ ದಾಖಲಾಗುತ್ತದೆ. ಆಲಿಕೆಯ ಬಾಯಿಗೆ ಒಣಗಿದ ಎಲೆಯೋ ಜೇಡರ ಬಲೆಯೋ ಹಕ್ಕಿಯ ಹಿಕ್ಕೆಯೋ ಅಡ್ಡಬಂದರೆ, ಧಾರಾಕಾರ ಮಳೆಯಲ್ಲೂ ಮಾಪಕ 0 ಎನ್ನುತ್ತದೆ. ಬ್ಯಾಟರಿ ಇಳಿದರೆ ಅಥವಾ ಸಂಪರ್ಕ ಕಡಿದರೆ ಅಂಕಿಯೇ ಬರುವುದಿಲ್ಲ. ಆದರೆ ಕೆಲವು ತಂತ್ರಾಂಶಗಳು ಆ ಖಾಲಿ ಜಾಗವನ್ನೂ 0 ಎಂದೇ ತುಂಬುತ್ತವೆ. ಸಹಾಯಕಕ್ಕೆ ಇವೆಲ್ಲವೂ ‘ಮಳೆ ಬಿದ್ದಿಲ್ಲ’.

ಇದರ ಪರಿಣಾಮ ಪಾವಗಡ, ಶಿರಾ ಭಾಗದ ನೆಲಗಡಲೆ ಬೆಳೆಗಾರರಿಗೆ ಸಣ್ಣದಲ್ಲ. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಕೆಂಪು ಕಂಬಳಿಹುಳುವಿನ ಪತಂಗಗಳು ಮಣ್ಣಿನಿಂದ ಹೊರಬರುತ್ತವೆ. ದೀಪದ ಬಲೆ ಇಡಬೇಕಾದ ಕಾಲ ಅದೇ. ಆ ಮಳೆಯನ್ನು ಸೊನ್ನೆಯೆಂದು ಓದಿದ ಸಹಾಯಕ ಎಚ್ಚರಿಕೆ ನೀಡುವುದಿಲ್ಲ. ಆದ್ದರಿಂದ ವಿವರಣೆಯಲ್ಲಿ ಹೀಗೆ ನೇರವಾಗಿ ಬರೆಯಿರಿ:

“ಈ ಮಾಪಕದಿಂದ ಎರಡು ಗಂಟೆಗಿಂತ ಹೆಚ್ಚು ಕಾಲ ಅಂಕಿ ಬಾರದಿದ್ದರೆ ‘ಮಾಹಿತಿ ಇಲ್ಲ’ ಎಂದು ಹೇಳು, ಮಳೆ ಇಲ್ಲ ಎನ್ನಬೇಡ. ನೆರೆಯ ಮಾಪಕಗಳಲ್ಲಿ ಮಳೆ ದಾಖಲಾಗಿ ಇಲ್ಲಿ ಮಾತ್ರ 0 ಇದ್ದರೆ, ಮಳೆ ಬಿದ್ದಿತೇ ಎಂದು ರೈತರನ್ನೇ ಕೇಳು.”

ನೆರೆಯಲ್ಲಿ ಬಿದ್ದ ಮಾತ್ರಕ್ಕೆ ಇಲ್ಲಿಯೂ ಬಿದ್ದಿದೆ ಎಂದು ಸಹಾಯಕ ತಾನೇ ತೀರ್ಮಾನಿಸುವಂತೆಯೂ ಇಲ್ಲ. ನಮ್ಮ ಬಯಲುಸೀಮೆಯ ಗುಡುಗುಮಳೆ ಒಂದು ಕೆರೆಯ ಈಚೆ ಬಿದ್ದು ಆಚೆ ಬೀಳದಿರುವುದನ್ನು ನೀವೆಲ್ಲ ಬಲ್ಲಿರಿ.

ದಿನ ಮತ್ತು ಅಳತೆ

ದಿನದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಈ ದಿನ ಬೆಳಿಗ್ಗೆ 8.30ರವರೆಗಿನ ಮಳೆ. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ಇದನ್ನು ತಿಳಿಸದಿದ್ದರೆ, ಸಿಂಪಡಿಸಿದ ಔಷಧ ಮಳೆಗೆ ತೊಳೆದುಹೋಯಿತೇ ಎಂಬ ಪ್ರಶ್ನೆಗೆ ತಪ್ಪು ಉತ್ತರ ಖಚಿತ. ಕೆಲವು ಸಾಧನಗಳು ಗ್ರೀನಿಚ್ ಸಮಯ ಬಳಸುತ್ತವೆ. ಅವುಗಳಿಗೆ 5 ಗಂಟೆ 30 ನಿಮಿಷ ಕೂಡಿಸಬೇಕೆಂದು ನಮೂದಿಸಿರಿ.

ಅಳತೆ ಮಿಲಿಮೀಟರಿನಲ್ಲಿದೆ ಎಂದೂ ಬರೆಯಿರಿ. 1 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಆದರೆ ‘ಹದ’ ಮಿಲಿಮೀಟರಿಗೆ ನೇರವಾಗಿ ಒಗ್ಗುವ ಮಾತಲ್ಲ. ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಹದ ತಂದ ಮಳೆಯೇ ಕಪ್ಪು ಭೂಮಿಯಲ್ಲಿ ಸಾಲದಿರಬಹುದು. ಬಿತ್ತನೆಯ ಪ್ರಶ್ನೆ ಬಂದಾಗ, ಗೇಣುದ್ದ ಮಣ್ಣು ಅಗೆದು ತೇವ ನೋಡಿದ್ದೀರಾ ಎಂದು ಸಹಾಯಕ ಕೇಳಲೇಬೇಕು. ಬೀಜದ ಖರ್ಚೇ ಹೆಚ್ಚಿರುವ ನೆಲಗಡಲೆಯಲ್ಲಿ ಇದನ್ನು ಬಿಡುವಂತಿಲ್ಲ.

ಊರು, ಬೆಳೆಗಳ ಹೆಸರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕರಲ್ಲೂ ‘ಕಸಬಾ’ ಹೋಬಳಿ ಇದೆ. ತಾಲ್ಲೂಕಿನ ಹೆಸರಿಲ್ಲದೆ ಹೋಬಳಿಯ ಹೆಸರನ್ನು ಸ್ವೀಕರಿಸಬಾರದೆಂದು ವಿವರಣೆಯಲ್ಲಿರಲಿ. ರಾಯಚರ್ಲು ಎಂಬ ಹೆಸರನ್ನು ಮತ್ತೊಬ್ಬರು ರಾಯಚೆರ್ಲು ಎಂದು ಬರೆಯಬಹುದು. ಬಳಕೆಯ ಎಲ್ಲ ರೂಪಗಳನ್ನೂ ಕೊಡಿರಿ. ಪಾವಗಡದ ಸುತ್ತ ಬಹುಪಾಲು ಆಂಧ್ರಪ್ರದೇಶವಿರುವುದರಿಂದ, ‘ಹತ್ತಿರದ ಮಾಪಕ’ ಎಂದಷ್ಟೇ ಹೇಳಿದರೆ ಗಡಿಯಾಚೆಯದು ಸಿಗಬಹುದು. ಅದರಲ್ಲಿ ತಪ್ಪೇನಿಲ್ಲ, ಆದರೆ ಉತ್ತರದಲ್ಲಿ ಮಾಪಕದ ಊರು ಮತ್ತು ದೂರವನ್ನು ಸಹಾಯಕ ಹೇಳಬೇಕು.

ಬೆಳೆಯ ಹೆಸರೂ ಹೀಗೆಯೇ. ನೆಲಗಡಲೆ, ಶೇಂಗಾ, ಕಡಲೆಕಾಯಿ ಒಂದೇ ಬೆಳೆ; ಕಡಲೆ ಬೇರೆ. ಕಡಲೆ ಹಿಂಗಾರಿನದು. ಇವೆರಡನ್ನು ಯಂತ್ರ ಬೆರೆಸಿದರೆ ಸಲಹೆ ಪೂರ್ತಿ ಕೆಡುತ್ತದೆ.

ಅನುಮತಿಯ ಮಿತಿ

ಸಹಾಯಕವು ಅಂಕಿಗಳನ್ನು ಓದಬಹುದು, ತಿದ್ದಬಾರದು. ಪಂಪ್‌ಸೆಟ್ ಚಾಲನೆ, ಔಷಧದ ಪ್ರಮಾಣ, ವಿಮಾ ಪರಿಹಾರ ಇವುಗಳಲ್ಲಿ ಅದು ತಾನಾಗಿ ನಿರ್ಧರಿಸಬಾರದು. ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಬೇಕು.

ವಿವರಣೆ ಬರೆದಾದ ಮೇಲೆ ಉತ್ತರ ಮೊದಲೇ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ನಿಮ್ಮೂರಿನ ಮಾತಿನಲ್ಲೇ ಕೇಳಿ ನೋಡಿರಿ. ಅವುಗಳಲ್ಲಿ ಒಂದನ್ನು ಮಾಪಕದ ಸಂಪರ್ಕ ಬೇಕೆಂದೇ ಕಡಿದು ಕೇಳಿರಿ. ಆಗಲೂ ‘ಮಳೆ ಇಲ್ಲ’ ಎಂಬ ಉತ್ತರವೇ ಬಂದರೆ ವಿವರಣೆಯನ್ನು ತಿದ್ದಿ ಮತ್ತೆ ಪರೀಕ್ಷಿಸುವವರೆಗೆ ರೈತರಿಗೆ ಒದಗಿಸಬಾರದು. ಆಲಿಕೆಯನ್ನು ಸ್ವಚ್ಛಗೊಳಿಸಿದ ದಿನಾಂಕವನ್ನು ಪ್ರತಿ ಬಾರಿಯೂ ಅದೇ ವಿವರಣೆಯಲ್ಲಿ ನಮೂದಿಸುತ್ತಾ ಹೋಗಿರಿ.