ಚಳ್ಳಕೆರೆಯಲ್ಲಿ ಇಳಿದ ‘ಪುಷ್ಪಕ್’: ಮರುಬಳಕೆ ರಾಕೆಟ್ ಅಂದ್ರೆ ಏನು? ನಮ್ಮ ತಾಲ್ಲೂಕಿಗೂ ಅದಕ್ಕೂ ಏನು ನಂಟು? ಇಲ್ಲಿದೆ ಮಾಹಿತಿ

ಚಳ್ಳಕೆರೆ: ಎರಡು ದೊಡ್ಡ ರೆಕ್ಕೆಚಕ್ರಗಳಿರುವ ಚಿನೂಕ್ ಹೆಲಿಕಾಪ್ಟರ್, ಅದರ ಹೊಟ್ಟೆಯ ಕೆಳಗೆ ನೇತಾಡುವ ಪುಟ್ಟ ವಿಮಾನ. ಚಳ್ಳಕೆರೆ ತಾಲ್ಲೂಕಿನ ಆಕಾಶದಲ್ಲಿ 2023 ಮತ್ತು 2024ರಲ್ಲಿ ಒಟ್ಟು ಮೂರು ಬಾರಿ ಈ ದೃಶ್ಯ ನಡೆದಿದೆ. ಆ ಪುಟ್ಟ ವಿಮಾನದ ಹೆಸರು ‘ಪುಷ್ಪಕ್’. ಇಸ್ರೋದ ಮರುಬಳಕೆ ರಾಕೆಟ್ ಕನಸಿನ ಮೊದಲ ಮೆಟ್ಟಿಲು ಇದು. “ಇಲ್ಲಿಂದ ರಾಕೆಟ್ ಹಾರಿಸ್ತಾರಂತೆ” ಅನ್ನೋ ಮಾತು ಸಂತೆಯಲ್ಲಿ, ಹೋಟೆಲಲ್ಲಿ ಆಗಾಗ ಕೇಳಿಬರುತ್ತೆ. ನಿಜ ಏನು, ಈ ಪ್ರಯೋಗ ಯಾಕೆ ಅನ್ನೋದನ್ನ ಸರಳವಾಗಿ ಇಲ್ಲಿ ಕೊಟ್ಟಿದ್ದೇವೆ.

ಮರುಬಳಕೆ ಯಾಕೆ ಬೇಕು?

ಚಳ್ಳಕೆರೆಯಿಂದ ಬೆಂಗಳೂರಿಗೆ ಒಂದು ಲೋಡ್ ಶೇಂಗಾ ಎಣ್ಣೆ ಕಳಿಸಿದಿರಿ ಅಂದ್ಕೊಳ್ಳಿ. ಲೋಡ್ ಇಳಿಸಿದ ಮೇಲೆ ಲಾರಿಯನ್ನ ಅಲ್ಲೇ ಗುಜರಿಗೆ ಹಾಕಿ, ಮುಂದಿನ ಲೋಡಿಗೆ ಹೊಸ ಲಾರಿ ಕೊಂಡರೆ ಬಾಡಿಗೆ ಎಷ್ಟಾಗಬಹುದು? ರಾಕೆಟ್‌ಗಳ ಕಥೆ ಇದೇ. ನಮ್ಮ ಪಿಎಸ್‌ಎಲ್‌ವಿಯಲ್ಲಿ ನಾಲ್ಕು ಹಂತಗಳಿವೆ. ಒಂದೊಂದೇ ಹಂತ ಉರಿದು ಕಳಚಿಕೊಳ್ಳುತ್ತೆ. ಕೆಳಗಿನ ಹಂತಗಳು ಸಮುದ್ರಕ್ಕೆ ಬೀಳುತ್ತವೆ. ಎಂಜಿನ್, ಟ್ಯಾಂಕ್, ಎಲೆಕ್ಟ್ರಾನಿಕ್ಸ್ ಎಲ್ಲವೂ ಒಂದೇ ಟ್ರಿಪ್ಪಿಗೆ ಮುಗೀತು.

ಇಂಧನದ ಖರ್ಚು ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ದುಡ್ಡು ಹೋಗೋದು ಯಂತ್ರಕ್ಕೆ. ಹಾಗಾಗಿ ಯಂತ್ರವನ್ನ ವಾಪಸ್ ತರೋಕೆ ಆದರೆ ಉಳಿತಾಯ ಅನ್ನೋದು ಲೆಕ್ಕ.

ವಾಪಸ್ ತರೋಕೆ ಎರಡು ದಾರಿ

ಒಂದು, ರೆಕ್ಕೆ ಕಟ್ಟಿ ವಿಮಾನದ ಹಾಗೆ ರನ್‌ವೇಯಲ್ಲಿ ಇಳಿಸೋದು. ಅಮೆರಿಕದ ನಾಸಾ 1981ರಿಂದ 2011ರವರೆಗೆ ಸ್ಪೇಸ್ ಶಟಲ್ ಹಾರಿಸಿದ್ದು ಹೀಗೆ. ಒಟ್ಟು 135 ಹಾರಾಟ. ಆದರೆ ಪ್ರತಿ ಹಾರಾಟದ ನಂತರ ಬಿಚ್ಚಿ, ಪರೀಕ್ಷಿಸಿ, ರಿಪೇರಿ ಮಾಡೋದೇ ದೊಡ್ಡ ಕೆಲಸವಾಯ್ತು. 1986ರಲ್ಲಿ ಚಾಲೆಂಜರ್, 2003ರಲ್ಲಿ ಕೊಲಂಬಿಯಾ ದುರಂತಗಳಲ್ಲಿ ಒಟ್ಟು 14 ಗಗನಯಾತ್ರಿಗಳು ಪ್ರಾಣ ಕಳೆದುಕೊಂಡರು. ಕರ್ನಾಲ್ ಮೂಲದ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬರು. ಮರುಬಳಕೆ ಆದ ಮಾತ್ರಕ್ಕೆ ಅಗ್ಗ ಆಗಲ್ಲ, ಸುರಕ್ಷಿತವೂ ಆಗಲ್ಲ ಅನ್ನೋ ಪಾಠ ಕಲಿಸಿದ್ದು ಶಟಲ್.

ಇನ್ನೊಂದು, ರಾಕೆಟ್ಟನ್ನ ನಿಂತ ಹಾಗೇ ಇಳಿಸೋದು. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್‌ನ ಮೊದಲ ಹಂತ 2015ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಹೀಗೆ ನೆಲಕ್ಕಿಳಿಯಿತು. 2017ರ ಮಾರ್ಚ್‌ನಲ್ಲಿ ಬಳಸಿದ ಹಂತವನ್ನೇ ಮತ್ತೆ ಹಾರಿಸಿದರು. ಈಗ ಒಂದೇ ಬೂಸ್ಟರ್ 30ಕ್ಕೂ ಹೆಚ್ಚು ಸಲ ಹಾರಿದ ದಾಖಲೆ ಇದೆ. ಆದರೂ ಫಾಲ್ಕನ್ 9 ಪೂರ್ತಿ ಮರುಬಳಕೆಯ ರಾಕೆಟ್ ಅಲ್ಲ. ಮೇಲಿನ ಹಂತ ಇವತ್ತಿಗೂ ಪ್ರತಿ ಸಲ ಹೊಸದೇ.

ಇಲ್ಲೂ ಒಂದು ಬೆಲೆ ಇದೆ. ವಾಪಸ್ ಬರೋಕೆ ಇಂಧನ ಉಳಿಸಿಕೊಳ್ಳಬೇಕು. ಬೂಸ್ಟರ್ ಕೈಬಿಟ್ಟರೆ ಫಾಲ್ಕನ್ 9 ಕೆಳ ಕಕ್ಷೆಗೆ 22.8 ಟನ್ ಒಯ್ಯಬಲ್ಲದು ಅಂತ ಕಂಪನಿ ಹೇಳುತ್ತೆ. ಬೂಸ್ಟರ್ ಇಳಿಸಿಕೊಳ್ಳುವ ಹಾರಾಟಗಳಲ್ಲಿ ಹೊರೆ 17 ಟನ್ ಆಸುಪಾಸು. ಅಂದ್ರೆ ರಿಟರ್ನ್ ಟ್ರಿಪ್ಪಿನ ಡೀಸೆಲ್ಲಿಗೆ ಜಾಗ ಬಿಟ್ಟು ಲೋಡ್ ಕಮ್ಮಿ ಮಾಡಿದ ಹಾಗೆ.

ಚಳ್ಳಕೆರೆಯಲ್ಲಿ ನಡೆದದ್ದೇನು?

ಪುಷ್ಪಕ್ ರೆಕ್ಕೆಯ ದಾರಿಯದು. ಇದರ ಮೊದಲ ಹಾರಾಟ 2016ರ ಮೇ 23ರಂದು ಶ್ರೀಹರಿಕೋಟಾದಿಂದ ನಡೆಯಿತು. ಸುಮಾರು 65 ಕಿ.ಮೀ ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾಪಸ್ ಬಂದು ಬಂಗಾಳಕೊಲ್ಲಿಗೆ ಇಳಿಯಿತು. ಅಲ್ಲಿ ರನ್‌ವೇ ಇರಲಿಲ್ಲ. ನೆಲದ ಮೇಲೆ ಇಳಿಯುವ ಪರೀಕ್ಷೆಗೆ ಆಯ್ಕೆಯಾದದ್ದು ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ಕೇಂದ್ರ. ಈ ಕೇಂದ್ರ ಉದ್ಘಾಟನೆಯಾದದ್ದು 2017ರ ಮೇನಲ್ಲಿ. ಉದ್ದದ ರನ್‌ವೇ, ಸುತ್ತ ಬಯಲು ಇರುವುದು ಇಲ್ಲಿನ ಅನುಕೂಲ.

ಮೂರು ಪ್ರಯೋಗಗಳ ವಿವರ ಹೀಗಿದೆ:

2023ರ ಏಪ್ರಿಲ್ 2: ಚಿನೂಕ್ ಹೆಲಿಕಾಪ್ಟರ್ ಪುಷ್ಪಕ್ಕನ್ನ ಸುಮಾರು 4.5 ಕಿ.ಮೀ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಪೈಲಟ್ ಇಲ್ಲ, ಕೆಳಗಿಂದ ರಿಮೋಟ್ ಕಂಟ್ರೋಲೂ ಇಲ್ಲ. ತಾನೇ ದಾರಿ ನೋಡಿಕೊಂಡು ಬೆಳಿಗ್ಗೆ 7.40ಕ್ಕೆ ರನ್‌ವೇಯಲ್ಲಿ ಇಳಿಯಿತು.

2024ರ ಮಾರ್ಚ್ 22: ಈ ಸಲ ಬೇಕಂತಲೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ತಪ್ಪನ್ನ ತಾನೇ ಸರಿಪಡಿಸಿಕೊಂಡು ಇಳಿಯಿತು.

2024ರ ಜೂನ್ 23: ಪಕ್ಕದ ಅಂತರ 500 ಮೀಟರ್‌ಗೆ ಏರಿತು, ಜೊತೆಗೆ ಗಾಳಿಯೂ ಹೆಚ್ಚಿತ್ತು. ಇಳಿಯುವಾಗಿನ ವೇಗ ಗಂಟೆಗೆ 320 ಕಿ.ಮೀಗಿಂತ ಜಾಸ್ತಿ. ಪ್ರಯಾಣಿಕರ ವಿಮಾನ ಇಳಿಯೋದು ಸುಮಾರು 260 ಕಿ.ಮೀ ವೇಗದಲ್ಲಿ. ಪ್ಯಾರಾಚೂಟ್ ಬಿಚ್ಚಿ ವೇಗವನ್ನ 100 ಕಿ.ಮೀ ಹತ್ತಿರಕ್ಕೆ ತಂದು, ಆಮೇಲೆ ಬ್ರೇಕ್ ಹಾಕಿ ನಿಲ್ಲಿಸಲಾಯಿತು. ಗಮನಿಸಬೇಕಾದ ಅಂಶ: ಮಾರ್ಚ್‌ನಲ್ಲಿ ಇಳಿದ ಅದೇ ವಾಹನವನ್ನೇ, ಅದೇ ಉಪಕರಣಗಳ ಸಮೇತ ಜೂನ್‌ನಲ್ಲೂ ಬಳಸಿದ್ದು.

ಹಾಗಾದ್ರೆ ಕೆಲಸ ಮುಗೀತಾ?

ಇಲ್ಲ. 4.5 ಕಿ.ಮೀ ಎತ್ತರದಿಂದ ಇಳಿಯೋದು ಬೇರೆ, ಕಕ್ಷೆಯಿಂದ ಇಳಿಯೋದು ಬೇರೆ. ಕಕ್ಷೆಯಲ್ಲಿ ವೇಗ ಗಂಟೆಗೆ ಸುಮಾರು 28,000 ಕಿ.ಮೀ. ಆ ವೇಗದಲ್ಲಿ ವಾತಾವರಣಕ್ಕೆ ನುಗ್ಗಿದರೆ ಮೈಯೆಲ್ಲ ಬೆಂಕಿಯ ಬಿಸಿ. ಆ ಬಿಸಿ ತಡೆದು ಬರುವ ದೊಡ್ಡ ವಾಹನವನ್ನ ಕಕ್ಷೆಗೆ ಕಳಿಸಿ ವಾಪಸ್ ಇಳಿಸೋದು ಇಸ್ರೋದ ಮುಂದಿನ ಗುರಿ.

ಇನ್ನೊಂದು ಕಡೆ, ಹೊಸ ತಲೆಮಾರಿನ ದೊಡ್ಡ ರಾಕೆಟ್‌ಗೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 8,240 ಕೋಟಿ ರೂಪಾಯಿ ಮಂಜೂರು ಮಾಡಿದೆ. ಕೆಳ ಕಕ್ಷೆಗೆ 30 ಟನ್ ಒಯ್ಯುವ ಸಾಮರ್ಥ್ಯ, ಮರುಬಳಕೆಯ ಮೊದಲ ಹಂತ, 8 ವರ್ಷದ ಅವಧಿ.

ಲಾಭದ ಪ್ರಶ್ನೆಯೂ ಇದೆ. ವ್ಯಾಪಾರಸ್ಥರಿಗೆ ಇದು ಬೇಗ ಅರ್ಥ ಆಗುತ್ತೆ. ದುಬಾರಿ ಲಾರಿ ಕೊಂಡು ತಿಂಗಳಿಗೆ ಒಂದೇ ಟ್ರಿಪ್ ಹೊಡೆದರೆ ಕಂತೂ ಹುಟ್ಟಲ್ಲ. ಮರುಬಳಕೆ ರಾಕೆಟ್ ಕೂಡ ಹಾಗೇ. ವರ್ಷಕ್ಕೆ ಹತ್ತಾರು ಹಾರಾಟಕ್ಕೆ ಗಿರಾಕಿ ಇದ್ದರೆ ಮಾತ್ರ ಹೂಡಿಕೆ ವಾಪಸ್. ಭಾರತದ ಉಡಾವಣೆ ಈಗ ವರ್ಷಕ್ಕೆ ಬೆರಳೆಣಿಕೆಯಷ್ಟೇ.

ಜನ ಕೇಳುವ ಪ್ರಶ್ನೆಗಳು

ಚಳ್ಳಕೆರೆಯಿಂದ ರಾಕೆಟ್ ಹಾರುತ್ತಾ? ಇಲ್ಲ. ಉಡಾವಣೆ ನಡೆಯೋದು ಶ್ರೀಹರಿಕೋಟಾದಿಂದ. ಎರಡನೇ ಕೇಂದ್ರ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಬರ್ತಿದೆ. ಹಂತಗಳು ಸಮುದ್ರಕ್ಕೆ ಬೀಳಬೇಕಾದ್ದರಿಂದ ಕರಾವಳಿಯೇ ಬೇಕು. ಇಲ್ಲಿ ಆಗಿರೋದು ಇಳಿಯುವ ಪರೀಕ್ಷೆ.

ಪುಷ್ಪಕ್‌ನಲ್ಲಿ ಜನ ಕೂರ್ತಾರಾ? ಇಲ್ಲ. ಇದರ ಉದ್ದ 6.5 ಮೀಟರ್ ಮಾತ್ರ. ಪರೀಕ್ಷೆಗೆಂದೇ ಮಾಡಿದ ಮಾದರಿ. ಗಗನಯಾತ್ರಿಗಳನ್ನ ಒಯ್ಯುವ ಗಗನಯಾನ ಬೇರೆಯೇ ಯೋಜನೆ.

ಕಾವಲಿನ ಲೆಕ್ಕ

ಈ ಸಾಧನೆಯ ಜೊತೆಗೆ ತಾಲ್ಲೂಕು ಮರೆಯದ ಇನ್ನೊಂದು ಸಂಗತಿ ಇದೆ. ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಕೊಟ್ಟ ಜಮೀನು ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲು. ಇತರ ಯೋಜನೆಗಳೂ ಸೇರಿ ಸುಮಾರು 10 ಸಾವಿರ ಎಕರೆ. ದನ, ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗಳಿಗೆ ಅದೇ ಆಸರೆ. ಊರಿನವರು ಹೋರಾಟ ಮಾಡಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಕಾಂಪೌಂಡ್ ಮಾತ್ರ ಎದ್ದು ನಿಂತಿತು.

ದೇಶಕ್ಕೆ ರಾಕೆಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾವಲು ಕಳೆದುಕೊಂಡ ಹಳ್ಳಿಗಳ ಮಕ್ಕಳಿಗೆ ಆ ಗೇಟಿನ ಒಳಗೆ ಕೆಲಸ, ತರಬೇತಿ ಎಷ್ಟು ಸಿಕ್ಕಿದೆ, ಕುರಿಗಾರರಿಗೆ ಬದಲಿ ಗೋಮಾಳ ಎಲ್ಲಿ ಅನ್ನೋದನ್ನ ಗ್ರಾಮಸಭೆಯಲ್ಲಿ ಕೇಳೋ ಹಕ್ಕು ಊರಿನವರಿಗಿದೆ. ರನ್‌ವೇಗೆ ನೆಲ ಕೊಟ್ಟವರು ಅವರೇ.